ತಾಮ್ರದ ಹಂಡೆಗೆ ಎಷ್ಟು ಬಣ್ಣ?

ನೀರು ತುಂಬುವ ಹಬ್ಬದ ಹಂಡೆಯನ್ನು ಚಿತ್ರಿಸಲು ಕೂತರೆ ಮೊದಲು ಗೊತ್ತಾಗುವ ಸಂಗತಿ, ತಾಮ್ರಕ್ಕೆ ಒಂದೇ ಬಣ್ಣವಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದ ಕಂಠದ ಬಳಿ ಅದು ಹೆಚ್ಚುಕಡಿಮೆ ಗುಲಾಬಿ. ಹೊಟ್ಟೆಯ ಉಬ್ಬಿಗೆ ಬರುವಾಗ ಕೆಂಪುಗಂದು. ಒಲೆಯೊಳಗೆ ಕೂರುವ ಭಾಗಕ್ಕೆ ವರ್ಷಗಳ ಮಸಿ ಹಿಡಿದು ಅದಕ್ಕೊಂದು ಬೇರೆಯೇ ಕಪ್ಪು. ಬಚ್ಚಲುಮನೆಯ ಗವಾಕ್ಷಿಯಿಂದ ಬೆಳಕು ಬೀಳುವಲ್ಲಿ ಉದ್ದಕ್ಕೊಂದು ಬಿಳಿ ಗೀರು, ಕಿವಿಯ ಸಂದಿಯಲ್ಲಿ ತುಸು ಹಸಿರು ಕಿಲುಬು. ಇಷ್ಟನ್ನೂ ಟ್ಯಾಬ್ಲೆಟ್ಟಿನ ಪರದೆಗೆ ತರಲು ಹೊರಟವರ ಕೈ ತಾನಾಗಿಯೇ ನಿಧಾನವಾಗುತ್ತದೆ. ಆಫೀಸಿನ ಮೀಟಿಂಗು, ಊರಿಗೆ ಹೋಗುವ ಬಸ್ಸಿನ ಟಿಕೆಟ್ಟು, ಮುಗಿಯದ ಸಾಮಾನಿನ ಪಟ್ಟಿ, ಎಲ್ಲವೂ ಸ್ವಲ್ಪ ಹೊತ್ತು ದೂರ ಸರಿಯುತ್ತವೆ.

ಹಬ್ಬದ ಆಸುಪಾಸಿನಲ್ಲಿ ಪರದೆಯ ಮೇಲೆ ಚಿತ್ರ ಬಿಡಿಸುವುದು ನನಗೆ ವರ್ಷಗಳಿಂದ ಬಂದ ಅಭ್ಯಾಸ. ಯುಗಾದಿಗೆ ಬೇವಿನ ಹೂ, ಚೌತಿಗೆ ಮಣ್ಣಿನ ಗಣಪ, ದಸರೆಗೆ ಗೊಂಬೆಯ ಮೆಟ್ಟಿಲು. ಆದರೆ ಕೈ ಹೆಚ್ಚು ತುಡಿಯುವುದು ದೀಪಾವಳಿಗೆ. ಯಾಕೆಂದರೆ ಅದು ಬೆಳಕಿನ ಹಬ್ಬ, ಪರದೆಯೂ ಬೆಳಕಿನಿಂದಲೇ ಆದದ್ದು. ಕಾಗದದ ಮೇಲೆ ದೀಪ ಬರೆಯುವವರು ಕಾಗದದ ಬಿಳಿಯನ್ನು ಜತನವಾಗಿ ಉಳಿಸಿಕೊಂಡು ಸುತ್ತ ಕತ್ತಲೆ ತುಂಬಬೇಕು. ಪರದೆಯ ಮೇಲೆ ಮೊದಲು ಕತ್ತಲೆ ಹರಡಿ, ಆಮೇಲೆ ಅದರೊಳಗೆ ಬೆಳಕು ಹಚ್ಚಬಹುದು. ಮನೆಯಲ್ಲಿ ದೀಪ ಹಚ್ಚುವ ಕ್ರಮವೂ ಅದೇ ಅಲ್ಲವೇ?

ಇಂಥ ಚಿತ್ರಗಳಿಂದ ಮನಸ್ಸಿಗೆ ಹಿತವಾಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ನಾನೂ ಹೇಳುತ್ತೇನೆ. ಆ ಹಿತ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಮಾತ್ರ ನನಗೊಂದು ಗಟ್ಟಿ ಅಭಿಪ್ರಾಯವಿದೆ. ಅದು ಆ್ಯಪ್‌ನಿಂದ ಬರುವುದಿಲ್ಲ, ದುಬಾರಿ ಪೆನ್ನಿನಿಂದಲೂ ಬರುವುದಿಲ್ಲ. ನಮ್ಮ ಮನೆಯ ಹಬ್ಬ ಹೇಗಿದೆ ಎಂದು ಕೂತು ನೋಡುವುದರಿಂದ ಬರುತ್ತದೆ.

ಹಬ್ಬದ ಮುಂಜಾನೆ ಫೋನಿಗೆ ಬಂದು ಬೀಳುವ ಶುಭಾಶಯಗಳನ್ನು ನೋಡಿ. ಚಿನ್ನದ ಅಕ್ಷರ, ನೇರಳೆ ಹಿನ್ನೆಲೆ, ಸಾಲಾಗಿ ಹಣತೆ, ಮೂಲೆಯಲ್ಲಿ ಸಿಡಿಯುವ ಪಟಾಕಿ. ಇದು ಯಾರ ಮನೆಯ ದೀಪಾವಳಿ? ಮಲೆನಾಡು, ಕರಾವಳಿಯ ಮನೆಗಳಲ್ಲಿ ಹಬ್ಬ ಶುರುವಾಗುವುದೇ ಬಚ್ಚಲುಮನೆಯಿಂದ. ಹಂಡೆ ತಿಕ್ಕಿ, ಶೇಡಿ ಮಣ್ಣಿನ ಗೆರೆ ಎಳೆದು, ಹಿಂಡಲಕಾಯಿ ಬಳ್ಳಿ ಸುತ್ತಿ, ನೀರು ತುಂಬಿ, ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ. ಪಾಡ್ಯದಂದು ಬಲೀಂದ್ರನಿಗೆ ಪೂಜೆ, ದನಗಳಿಗೆ ಹೂಮಾಲೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದು ಹಟ್ಟಿ ಹಬ್ಬ, ಸಗಣಿಯಲ್ಲಿ ಪಾಂಡವರನ್ನು ಮಾಡಿ ಹೂ ಸಿಕ್ಕಿಸಿ ಕೂರಿಸುತ್ತಾರೆ. ಮಂಗಳೂರು, ಉಡುಪಿಯ ಕಡೆ ಅಂಗಳದಲ್ಲಿ ಗೂಡುದೀಪ ತೂಗುತ್ತದೆ, ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಮಾಡಿದ್ದು. ಇವುಗಳಲ್ಲಿ ಒಂದಾದರೂ ಆ ಸಿದ್ಧ ಚಿತ್ರಗಳಲ್ಲಿ ಕಾಣುವುದಿಲ್ಲ. ಇವೆಲ್ಲ ಚಿತ್ರವಾಗಲೆಂದೇ ಹುಟ್ಟಿದಂತಿವೆ. ಸಗಣಿಯ ಗುಪ್ಪೆಯ ಮೇಲೆ ಚೆಂಡುಹೂವಿನ ಹಳದಿ ಎಷ್ಟು ಚೆಂದ ಕಾಣುತ್ತದೆಂಬುದನ್ನು ಒಮ್ಮೆ ಬಿಡಿಸಿ ನೋಡಿದವರೇ ಬಲ್ಲರು.

ಸಲಕರಣೆಯ ಬಗ್ಗೆ ಎರಡು ಮಾತು ಸಾಕು. ಐಪ್ಯಾಡ್ ಇದ್ದವರು ಸಾಮಾನ್ಯವಾಗಿ ಹಿಡಿಯುವುದು ಪ್ರೊಕ್ರಿಯೇಟ್. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ತಯಾರಾಗಿ 2011ರಲ್ಲಿ ಬಂದದ್ದು, ಒಮ್ಮೆ ದುಡ್ಡು ಕೊಟ್ಟರೆ ಆಯಿತು. ಲ್ಯಾಪ್‌ಟಾಪ್ ಇದ್ದವರಿಗೆ ಕ್ರಿಟಾ ಇದೆ, ಪೂರ್ತಿ ಉಚಿತ, ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಸೇರಿ ಕಟ್ಟಿದ ಮುಕ್ತ ತಂತ್ರಾಂಶ. ಬರೀ ಫೋನು ಇದ್ದವರಿಗೆ ಜಪಾನಿನ ಐಬಿಸ್ ಪೇಂಟ್ ಸಾಕು. ಇವು ಯಾವುವೂ ಬೇಡವೆಂದರೆ 1985ರಿಂದ ವಿಂಡೋಸ್ ಜೊತೆಗೇ ಬರುತ್ತಿರುವ ಪೇಂಟ್ ಇದ್ದೇ ಇದೆ. ಪೇಂಟ್ ಎಂದು ಹಗುರ ಮಾಡಬೇಡಿ. ಸ್ಪೇನಿನ ವೆಲೆನ್ಸಿಯಾದ ಕೋಂಚಾ ಗಾರ್ಸಿಯಾ ಸಾಯೆರಾ ಎಂಬ ಅಜ್ಜಿ ಕಾಯಿಲೆಯ ಗಂಡನನ್ನು ನೋಡಿಕೊಳ್ಳುತ್ತ ಮನೆಯಲ್ಲೇ ಉಳಿಯಬೇಕಾಗಿ ಬಂತು. ತೈಲವರ್ಣದ ವಾಸನೆ ಗಂಡನಿಗೆ ಆಗದೆಂದು ಕುಂಚ ಕೆಳಗಿಟ್ಟರು. ಮಕ್ಕಳು ಕೊಡಿಸಿದ ಕಂಪ್ಯೂಟರಿನಲ್ಲಿ ಪೇಂಟ್ ತೆರೆದು, ಬರೀ ಮೌಸ್ ಹಿಡಿದು, ಕಿಟಕಿ, ಹೂಕುಂಡ, ಮನೆ, ಬೀದಿ ಎಂದು ಬಿಡಿಸತೊಡಗಿದರು. 2018ರಲ್ಲಿ ಅವರ ಚಿತ್ರಗಳನ್ನು ಜಗತ್ತು ಕಂಡಾಗ ಅವರು 80 ದಾಟಿದ್ದರು. ಒಂದೊಂದು ಹಂಚಿನ ಅಂಚನ್ನೂ ಎಳೆದ ಅವರ ತಾಳ್ಮೆ ನೋಡಿದರೆ ಸಾಧನ ಯಾವುದೆಂಬ ಪ್ರಶ್ನೆಯೇ ಉಳಿಯುವುದಿಲ್ಲ.

ಈಗ ಒಂದು ಹಣತೆ ಬಿಡಿಸೋಣ.

ಹಿನ್ನೆಲೆಗೆ ಕಪ್ಪು ಬೇಡ. ಅಮಾವಾಸ್ಯೆಯ ಅಂಗಳವನ್ನು ಗಮನಿಸಿ, ದೀಪ ಹೊತ್ತಿದ ಮೇಲೆ ಅಲ್ಲಿ ಇರುವುದು ಕಡುನೀಲಿ, ಅದರಲ್ಲಿ ಸ್ವಲ್ಪ ನೇರಳೆ. ಅದನ್ನು ಮೊದಲ ಪದರದಲ್ಲಿ ತುಂಬಿ. ಡಿಜಿಟಲ್ ಚಿತ್ರದ ಜೀವ ಇರುವುದು ಈ ಪದರಗಳಲ್ಲಿ, ಅಂದರೆ ಲೇಯರುಗಳಲ್ಲಿ. ಒಂದರ ಮೇಲೊಂದು ಹಾಸಿದ ಪಾರದರ್ಶಕ ಹಾಳೆಗಳಲ್ಲಿ ಬೇರೆ ಬೇರೆ ಬಿಡಿಸುತ್ತ ಹೋಗುವ ಕ್ರಮ ಅದು. ಒಂದನ್ನು ತಿದ್ದಿದರೆ ಇನ್ನೊಂದಕ್ಕೆ ಧಕ್ಕೆಯಿಲ್ಲ. ಎರಡನೆಯ ಪದರದಲ್ಲಿ ಮಣ್ಣಿನ ಹಣತೆ. ಕುಂಬಾರರ ಚಕ್ರದಿಂದ ಇಳಿದ ಹಣತೆಯ ಅಂಚು ಎಂದೂ ಪೂರ್ತಿ ದುಂಡಗಿರುವುದಿಲ್ಲ. ಬತ್ತಿ ಕೂರಲೆಂದು ಬೆರಳಲ್ಲಿ ಒತ್ತಿದ ಮೂತಿಯ ಕಡೆ ಒಂದು ತಗ್ಗು, ಅಲ್ಲಿಂದ ಎಣ್ಣೆ ಜಿನುಗಿ ಮಣ್ಣು ಗಾಢವಾದ ಕಲೆ. ಆ ಕಲೆಯನ್ನು ಬಿಡಿಸಿದ ಕ್ಷಣ ಹಣತೆ ನಿಜವಾಗುತ್ತದೆ.

ಜ್ವಾಲೆ ಮೂರನೆಯ ಪದರ. ಇಲ್ಲಿ ಅವಸರ ಮಾಡಿದರೆ ಕಿತ್ತಳೆ ಬಣ್ಣದ ಒಂದು ಹನಿ ಆಗುತ್ತದೆ, ಅಷ್ಟೇ. ದೇವರ ಮುಂದಿನ ದೀಪವನ್ನು ಒಂದೈದು ನಿಮಿಷ ನೋಡಿ ಬನ್ನಿ. ಬತ್ತಿಯ ಬುಡದಲ್ಲಿ ತೆಳು ನೀಲಿ. ಬತ್ತಿಯನ್ನು ಸುತ್ತಿ ಒಂದು ಮಬ್ಬು ಜಾಗ, ಅಲ್ಲಿ ಬೆಳಕು ಕಡಿಮೆ. ಅದರ ಮೇಲೆ ಬಿಳಿಗೆ ಹತ್ತಿರದ ಹಳದಿ, ತುದಿಯತ್ತ ಕಿತ್ತಳೆ. ಪರದೆ ಕೊಡಬಹುದಾದ ಅತಿ ಹೆಚ್ಚಿನ ಬೆಳಕು ಅಚ್ಚಬಿಳಿ, ಅದನ್ನು ಜ್ವಾಲೆಯ ನಡುವಿನ ಒಂದು ಚುಕ್ಕೆಗೆ ಮಾತ್ರ ಮೀಸಲಿಡಿ. ಬೇರೆಲ್ಲೂ ಬಳಸಬೇಡಿ. ಆಮೇಲೆ ಮೇಲೊಂದು ಪದರ ತೆರೆದು, ಅದರ ಬೆರಕೆಯ ಕ್ರಮವನ್ನು 'ಸ್ಕ್ರೀನ್' ಅಥವಾ 'ಆ್ಯಡ್' ಎಂದು ಬದಲಿಸಿ, ಮೃದುವಾದ ಕುಂಚದಲ್ಲಿ ಜ್ವಾಲೆಯ ಸುತ್ತ ಮಂದ ಕಿತ್ತಳೆಯನ್ನು ಸವರಿ. ಹಾಗೆ ಮಾಡಿದಾಗ ಕೆಳಗಿನ ಬಣ್ಣ ಮುಚ್ಚಿಹೋಗುವುದಿಲ್ಲ, ಅದಕ್ಕೆ ಬೆಳಕು ಕೂಡಿಕೊಳ್ಳುತ್ತದೆ. ಹಣತೆಯ ಅಂಚು ಹೊಳೆಯುತ್ತದೆ, ಎಣ್ಣೆಯಲ್ಲಿ ಜ್ವಾಲೆಯ ಹೊಳಪು ಮೂಡುತ್ತದೆ, ಹಿಂದಿನ ನೀಲಿ ಅಷ್ಟು ದೂರ ಬೆಚ್ಚಗಾಗುತ್ತದೆ. ದೀಪ ಹೊತ್ತಿಕೊಂಡಿತು ಎಂದು ಅನ್ನಿಸುವ ಆ ಗಳಿಗೆ ಎಷ್ಟು ಸಲ ಕಂಡರೂ ಖುಷಿ ಕೊಡುತ್ತದೆ.

ರಂಗೋಲಿಯದು ಬೇರೆ ರೀತಿಯ ಹಿತ. ಅಲ್ಲಿ ನೋಟಕ್ಕಿಂತ ಎಣಿಕೆ ಮುಖ್ಯ. 15ರಿಂದ 8, ಸಂದು ಚುಕ್ಕಿ ಎಂದು ಹಿರಿಯರು ಹೇಳಿದರೆ ನಡುವಿನ ಸಾಲಿಗೆ 15, ಮೇಲೆ ಕೆಳಗೆ ಒಂದೊಂದೇ ಕಡಿಮೆಯಾಗುತ್ತ ಕೊನೆಗೆ 8, ಒಟ್ಟು 169 ಚುಕ್ಕಿ. ಪರದೆಯಲ್ಲೂ ನಾನು ಅದೇ ಕ್ರಮ ಹಿಡಿಯುತ್ತೇನೆ. ಚುಕ್ಕಿಗೊಂದು ಪದರ, ಎಳೆಗೊಂದು ಪದರ. ಚುಕ್ಕಿಗಳನ್ನು ಕಾಪಿ ಮಾಡಿ ಅಂಟಿಸಿ ಎರಡು ನಿಮಿಷದಲ್ಲಿ ಮುಗಿಸಬಹುದು, ಆದರೆ ಒಂದೊಂದೇ ಇಡುವುದರಲ್ಲೇ ಅರ್ಧ ನೆಮ್ಮದಿ ಇದೆ. ಎಣಿಸುವ ಮನಸ್ಸಿಗೆ ಬೇರೆ ಯೋಚನೆ ಮಾಡಲು ಬಿಡುವಿರುವುದಿಲ್ಲ.

ರಂಗೋಲಿಯೂ ಕಂಪ್ಯೂಟರೂ ಈಚೆಗೆ ಪರಿಚಯವಾದವು ಎಂದು ಭಾವಿಸಬೇಕಿಲ್ಲ. ಟ್ಯಾಬ್ಲೆಟ್ಟು ಮನೆಗಳಿಗೆ ಬರುವ ಎಷ್ಟೋ ಮೊದಲು, 1974ರಲ್ಲಿ, ಚೆನ್ನೈನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ ಮತ್ತು ಕಮಲಾ ಕೃತಿವಾಸನ್ ಕೋಲಂ ಎಂಬ ತಮಿಳು ರಂಗೋಲಿಯ ವಿನ್ಯಾಸಗಳನ್ನು ಕಂಪ್ಯೂಟರ್ ವಿಜ್ಞಾನದ ವ್ಯಾಕರಣವಾಗಿ ವಿವರಿಸುವ ಪ್ರಬಂಧ ಪ್ರಕಟಿಸಿದರು. ಹೊಸಿಲಿನ ಮುಂದೆ ಬಗ್ಗಿ ಕೂತು ಎಳೆ ಎಳೆಯುತ್ತಿದ್ದ ಹೆಂಗಸರ ಕೈಯಲ್ಲಿ ಎಂಥ ಗಣಿತವಿತ್ತು ಎಂಬುದನ್ನು ವಿದ್ವತ್ತಿನ ಲೋಕ ಅಂಥ ಕೆಲಸಗಳಿಂದ ಕಂಡುಕೊಂಡಿತು. ನಮ್ಮ ಅಜ್ಜಿಯರಿಗೆ ಅದು ಮೊದಲೇ ಗೊತ್ತಿತ್ತು. ಒಂದು ಚುಕ್ಕಿ ತಪ್ಪಿದರೆ ಎಳೆ ಮುಚ್ಚಿಕೊಳ್ಳುವುದಿಲ್ಲ ಎಂದು ಅವರು ಸುಮ್ಮನೆ ಹೇಳುತ್ತಿರಲಿಲ್ಲ.

ಇಂದಿನ ಆ್ಯಪ್‌ಗಳಲ್ಲಿ ಸಮಮಿತಿಯ ಸೌಲಭ್ಯವಿದೆ. ಒಂದು ದಳ ಎಳೆದರೆ ಎಂಟು ದಿಕ್ಕಿಗೂ ಎಂಟು ದಳ ತಾವಾಗಿಯೇ ಮೂಡುತ್ತವೆ. ಮಕ್ಕಳಿಗೆ ಇದನ್ನು ತೋರಿಸಿ, ಅವರ ಕಣ್ಣು ಅರಳುವುದನ್ನು ನೋಡಬೇಕು. ದಣಿದು ಬಂದ ಸಂಜೆ ನನಗೂ ಅದು ಬೇಕು. ಆದರೆ ದಿನವೂ ಅದನ್ನೇ ಬಳಸಿದರೆ ಎಲ್ಲ ರಂಗೋಲಿಗಳೂ ಒಂದೇ ಅಚ್ಚಿನಿಂದ ಬಂದಂತೆ ಕಾಣುತ್ತವೆ. ಕೈನಡುಕವನ್ನು ಸರಿಪಡಿಸುವ ಸ್ಟೆಬಿಲೈಸರ್ ಎಂಬ ಸೌಲಭ್ಯಕ್ಕೂ ಇದೇ ಮಾತು. ಅದನ್ನು ಪೂರ್ತಿ ಏರಿಸಿದರೆ ಗೆರೆ ನುಣುಪಾಗುತ್ತದೆ, ಎಳೆದವರು ಯಾರೆಂಬ ಗುರುತು ಅಳಿಸುತ್ತದೆ. ನಾನು ಅದನ್ನು ಬಹಳ ಕೆಳಗಿಟ್ಟುಕೊಳ್ಳುತ್ತೇನೆ.

ಬಣ್ಣದ ವಿಷಯದಲ್ಲಿ ನನಗೆ ಗುರುವಾದದ್ದು ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳ ಚಿತ್ತಾರ. ದೀಪಾವಳಿಗೆ ಹದಿನೈದು ದಿನ ಮೊದಲು, ಆಶ್ವೀಜದ ಹುಣ್ಣಿಮೆಯಂದು ಭೂಮಿ ಹುಣ್ಣಿಮೆ. ಬಸುರಿ ಭೂಮಿಗೆ ಬಯಕೆ ತೀರಿಸುವ ಹಬ್ಬ. ಗದ್ದೆಗೆ ಎಡೆ ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಗೆ ದಿನಗಟ್ಟಲೆ ಕೂತು ಚಿತ್ತಾರ ಬರೆಯುತ್ತಾರೆ. ಮೊದಲು ಕೆಮ್ಮಣ್ಣು ಬಳಿಯುತ್ತಾರೆ. ಅದರ ಮೇಲೆ ಅಕ್ಕಿ ಅರೆದ ಬಿಳಿ, ಹುರಿದು ಕರಿಕಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಎಂದರೆ ಪುಂಡಿ ನಾರು. ಗೆರೆಗಳು ಎಷ್ಟು ತೆಳುವಾಗಿ, ಎಷ್ಟು ಹತ್ತಿರ ಹತ್ತಿರ ಓಡುತ್ತವೆಂದರೆ ನಾರಿನ ತುದಿಯಲ್ಲಿ ಇದು ಸಾಧ್ಯವೇ ಎಂದು ಬೆರಗಾಗುತ್ತದೆ.

ಪರದೆಯಲ್ಲಿ ಲಭ್ಯವಿರುವ ಬಣ್ಣಗಳು ಸುಮಾರು 1.67 ಕೋಟಿ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮಟ್ಟಗಳಿದ್ದು, ಅವುಗಳ ಗುಣಲಬ್ಧ ಅದು. ಭೂಮಣ್ಣಿ ಬುಟ್ಟಿಗೆ ನಾಲ್ಕೇ ಬಣ್ಣ. ಯಾವುದರಲ್ಲಿ ಮನಸ್ಸು ನಿಲ್ಲುತ್ತದೆ? ನನ್ನ ಅನುಭವದಲ್ಲಿ ನಾಲ್ಕರಲ್ಲಿ. ಬಣ್ಣದ ಚಕ್ರದ ಮುಂದೆ ಕೂತು ಇದೋ ಅದೋ ಎಂದು ಆರಿಸುತ್ತಲೇ ಇರುವುದು ಒಂದು ಬಗೆಯ ದಣಿವು. ಅದಕ್ಕೇ ನಾಲ್ಕು ಬಣ್ಣ ಆರಿಸಿ, ಚಿತ್ರದ ಮೂಲೆಯಲ್ಲಿ ನಾಲ್ಕು ಚುಕ್ಕೆಯಾಗಿ ಇಟ್ಟುಕೊಂಡು, ಉಳಿದದ್ದನ್ನು ಮರೆಯುವುದು ಒಳ್ಳೆಯದು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಚಿತ್ತಾರದಿಂದ ಕಲಿಯಿರಿ, ಅದರ ಶಿಸ್ತನ್ನು ತೆಗೆದುಕೊಳ್ಳಿ. ಅವರ ವಿನ್ಯಾಸವನ್ನೇ ನಕಲು ಮಾಡಿ ಕೆಳಗೆ ನಿಮ್ಮ ಹೆಸರು ಹಾಕಬೇಡಿ. ಅದು ಒಂದು ಸಮುದಾಯದ ತಾಯಂದಿರು ಮಕ್ಕಳಿಗೆ ಕೊಟ್ಟ ಆಸ್ತಿ.

ಚಿತ್ರ ಬಿಡಿಸಿದರೆ ಮನಸ್ಸು ತಣ್ಣಗಾಗುತ್ತದೆ ಎನ್ನುವುದಕ್ಕೆ ವಿಜ್ಞಾನದ ಆಧಾರವೂ ಇದೆ. ಅಮೆರಿಕದ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ವಯಸ್ಕರನ್ನು 45 ನಿಮಿಷ ತಮಗೆ ಬೇಕಾದಂತೆ ಚಿತ್ರ, ಕೊಲಾಜು, ಮಣ್ಣಿನ ಆಕೃತಿ ಮಾಡಲು ಬಿಟ್ಟು, ಮೊದಲೂ ಆಮೇಲೂ ಅವರ ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಸುಮಾರು ನಾಲ್ಕರಲ್ಲಿ ಮೂರು ಮಂದಿಗೆ ಅದು ಇಳಿದಿತ್ತು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನನಗೆ ಹಿಡಿಸಿದ ಅಂಶವೆಂದರೆ, ಮೊದಲು ಚಿತ್ರ ಬಿಡಿಸಿ ಅಭ್ಯಾಸವಿದ್ದವರಿಗೂ ಇಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಬಳಸಿದ್ದು ಮಾರ್ಕರ್, ಕಾಗದ, ಜೇಡಿಮಣ್ಣು. ಟ್ಯಾಬ್ಲೆಟ್ ಇರಲಿಲ್ಲ. ಹಾಗಾಗಿ ಆ ಫಲಿತಾಂಶವನ್ನು ಇದ್ದಂತೆಯೇ ಪರದೆಗೆ ಅನ್ವಯಿಸುವುದು ಸರಿಯಲ್ಲ. ಪರದೆಯಲ್ಲಿ ಮೇಲಿನಿಂದ ಇಳಿಯುವ ನೋಟಿಫಿಕೇಶನ್ ಇದೆ, ಪಕ್ಕದಲ್ಲೇ ಸುದ್ದಿ ಇದೆ, ಒಂದು ಬೆರಳ ದೂರದಲ್ಲಿ ರೀಲ್ಸ್ ಇದೆ. ಚಿತ್ರಕ್ಕೆ ಕೂರುವಾಗ ಇಂಟರ್ನೆಟ್ ಆರಿಸಿ. ಇದನ್ನು ಮಾಡದಿದ್ದರೆ ಮೇಲೆ ಹೇಳಿದ ಯಾವುದೂ ಫಲಿಸದು. ಕಣ್ಣಿನ ವೈದ್ಯರು ಹೇಳುವಂತೆ 20 ನಿಮಿಷಕ್ಕೊಮ್ಮೆ ತಲೆಯೆತ್ತಿ 20 ಅಡಿ ಆಚೆಯದನ್ನು 20 ಸೆಕೆಂಡು ನೋಡಿ. ಕಿಟಕಿಯಾಚೆ ತೂಗುವ ಆಕಾಶಬುಟ್ಟಿಯನ್ನೇ ನೋಡಬಹುದು.

ಚಿತ್ರ ಮುಗಿಯಿತು. ಯಾರಿಗೆ ಕಳಿಸುವುದು?

ಹಬ್ಬದ ಶುಭಾಶಯವನ್ನು ಅಚ್ಚು ಹಾಕಿಸಿ ಹಂಚುವ ಪದ್ಧತಿಯ ಬೇರು ಲಂಡನ್ನಿನಲ್ಲಿದೆ. 1843ರ ಕ್ರಿಸ್‌ಮಸ್ ಹೊತ್ತಿಗೆ ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಬಂದ ಪತ್ರಗಳಿಗೆಲ್ಲ ಉತ್ತರ ಬರೆಯಲು ಪುರುಸೊತ್ತಿರಲಿಲ್ಲ. ಚಿತ್ರಕಾರ ಗೆಳೆಯ ಜಾನ್ ಕ್ಯಾಲ್ಕಟ್ ಹಾರ್ಸ್ಲೆಯಿಂದ ಒಂದು ಚಿತ್ರ ಬರೆಸಿ ಸುಮಾರು ಸಾವಿರ ಪ್ರತಿ ಅಚ್ಚು ಹಾಕಿಸಿದರು. ಮೊದಲ ಕ್ರಿಸ್‌ಮಸ್ ಕಾರ್ಡ್ ಅದೇ ಎನ್ನುತ್ತಾರೆ. ಬಿಡುವಿಲ್ಲದ ಮನುಷ್ಯ ಕಂಡುಕೊಂಡ ಉಪಾಯ ಅದು, ಇಂದಿನ ಫಾರ್ವರ್ಡ್ ಅದರ ಮೊಮ್ಮಗ. ಅದಕ್ಕೆ ತದ್ವಿರುದ್ಧವಾದ ದಾರಿ ತೋರಿಸಿದವರು ಇಂಗ್ಲೆಂಡಿನವರೇ ಆದ ಡೇವಿಡ್ ಹಾಕ್ನಿ. 70 ದಾಟಿದ ಮೇಲೆ, 2009ರ ಸುಮಾರಿಗೆ, ಈ ಹೆಸರಾಂತ ಚಿತ್ರಕಾರ ಐಫೋನಿನ ಪರದೆಯ ಮೇಲೆ ಹೆಬ್ಬೆರಳಿನಿಂದ ಹೂವು ಬಿಡಿಸಿ ಬೆಳಗ್ಗೆ ಗೆಳೆಯರಿಗೆ ಕಳಿಸತೊಡಗಿದರು. ಮರುವರ್ಷ ಪ್ಯಾರಿಸ್ಸಿನಲ್ಲಿ ಆ ಹೂಗಳ ಪ್ರದರ್ಶನವೇ ನಡೆಯಿತು, ಚಿತ್ರಗಳನ್ನು ತೋರಿಸಿದ್ದು ಫೋನು, ಐಪ್ಯಾಡ್ ಪರದೆಗಳ ಮೇಲೆಯೇ. ಮ್ಯೂಸಿಯಮ್ಮಿಗೆ ಹೋಗುವ ಮುಂಚೆ ಅವು ಯಾರದೋ ಮುಂಜಾನೆಯ ಹೂವಾಗಿದ್ದವು ಎಂಬುದೇ ನನಗೆ ಇಷ್ಟ.

ಕಳೆದ ದೀಪಾವಳಿಯ ಹಂಡೆಯ ಚಿತ್ರವನ್ನು ನಾನು ಊರಿನಲ್ಲಿರುವ ದೊಡ್ಡಮ್ಮನಿಗೆ ಕಳಿಸಿದೆ. ಸ್ವಲ್ಪ ಹೊತ್ತಿನಲ್ಲಿ ಅವರ ದನಿಯ ಸಂದೇಶ ಬಂತು. "ನಮ್ಮ ತವರಿನಲ್ಲಿ ಹಂಡೆಗೆ ಶೇಡಿಯ ಅಡ್ಡಗೆರೆ ಮಾತ್ರ ಎಳೀತಿದ್ವಿ ಮಗಾ, ಬಳ್ಳಿ ಸುತ್ತೋದು ನಾನು ನೋಡಿದ್ದು ಮದುವೆಯಾಗಿ ಬಂದಮೇಲೇ" ಎಂದು ಶುರುವಾದದ್ದು, ಬೆಳಗಿನ ಜಾವ ಒಲೆಗೆ ಉರಿ ಹಾಕುತ್ತಿದ್ದ ಅವರ ಅಪ್ಪಯ್ಯನವರೆಗೆ ಹೋಯಿತು. ಸಿದ್ಧ ಶುಭಾಶಯಕ್ಕೆ ಅವರು ಕೈಮುಗಿಯುವ ಒಂದು ಗುರುತು ಕಳಿಸಿ ಸುಮ್ಮನಾಗುತ್ತಿದ್ದರು. ಹಂಡೆಯ ಚಿತ್ರ ಅವರಿಂದ ಒಂದು ಮನೆಯ ಕಥೆಯನ್ನೇ ಹೊರಡಿಸಿತು.

ಇದು ದೀಪಾವಳಿಗೆ ಮಾತ್ರ ಸೇರಿದ ಮಾತೂ ಅಲ್ಲ. ಡಿಸೆಂಬರ್ ಬಂದರೆ ಮಂಗಳೂರಿನ ಕ್ರೈಸ್ತರ ಮನೆಗಳ ಮುಂದೆ ನಕ್ಷತ್ರಗಳು ತೂಗುತ್ತವೆ, ಒಳಗೆ ಗೋದಲಿ ಸಿದ್ಧವಾಗುತ್ತದೆ, ತಟ್ಟೆಯಲ್ಲಿ ಕುಸ್ವಾರ್ ಎಂಬ ಹಬ್ಬದ ತಿಂಡಿಗಳು ತುಂಬುತ್ತವೆ. ಹಿಮ ಬೀಳದ ಊರಿನಲ್ಲಿ ಹಿಮದ ಕ್ರಿಸ್‌ಮಸ್ ಯಾಕೆ ಬಿಡಿಸಬೇಕು? ತೆಂಗಿನ ಮರದ ನಡುವೆ ಹೊಳೆಯುವ ಕಾಗದದ ನಕ್ಷತ್ರ, ಗೋದಲಿಯ ಹುಲ್ಲು, ಕುಸ್ವಾರಿನ ನೆವ್ರಿಯ ಅಂಚಿನ ಮಡಿಕೆ ಎಷ್ಟು ಸೊಗಸಾದ ವಸ್ತುಗಳು! ರಂಜಾನಿನ ಸಂಜೆಯ ಖರ್ಜೂರದ ತಟ್ಟೆಯೂ ಹಾಗೆಯೇ, ಸಂಕ್ರಾಂತಿಯ ಸಕ್ಕರೆ ಅಚ್ಚೂ ಹಾಗೆಯೇ.

ಈಗ ನಾಲ್ಕು ಪದ ಟೈಪ್ ಮಾಡಿದರೆ ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಹಬ್ಬದ ಚಿತ್ರ ತಂದು ಕೊಡುತ್ತದೆ. ಅಂಗಡಿಯ ಜಾಹೀರಾತಿಗೆ ಅದು ಉಪಯೋಗವಾದರೆ ಆಗಲಿ. ಆದರೆ ಅದರಲ್ಲಿ ಬಿಡಿಸುವ ಹೊತ್ತೇ ಇಲ್ಲ. ನೆಮ್ಮದಿ ಇದ್ದದ್ದು ಆ ಹೊತ್ತಿನಲ್ಲಿ. ಹಣತೆಯ ಎಣ್ಣೆ ಕಲೆಯನ್ನು ನೋಡದೆ, ಚುಕ್ಕಿ ಎಣಿಸದೆ, ನಾಲ್ಕು ಬಣ್ಣ ಆರಿಸದೆ ಬಂದ ಚಿತ್ರ ಎಷ್ಟೇ ಝಗಮಗಿಸಲಿ, ಕಳಿಸಿದವರ ಮನಸ್ಸಿಗೆ ಅದರಿಂದ ಏನೂ ಸಿಕ್ಕಿರುವುದಿಲ್ಲ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಲೈಕಿಗಾಗಿ ಬಿಡಿಸುವುದರ ಬಗ್ಗೆಯೂ ಅಷ್ಟೇ. ಎಷ್ಟು ಜನ ನೋಡಿದರು ಎಂದು ಗಳಿಗೆಗೊಮ್ಮೆ ತೆರೆದು ನೋಡುವ ಚಿತ್ರ ಹಬ್ಬದ ದಿನದ ಇನ್ನೊಂದು ಕೆಲಸವಾಗುತ್ತದೆ. ಹಬ್ಬದಲ್ಲಿ ಕೆಲಸಕ್ಕೇನು ಕೊರತೆ? ಹೋಳಿಗೆಯ ಹೂರಣ ರುಬ್ಬುವುದರಿಂದ ಹಿಡಿದು ದನದ ಕೊಂಬಿಗೆ ಬಣ್ಣ ಬಳಿಯುವವರೆಗೆ ಮನೆಯವರೆಲ್ಲರ ಕೈಗೂ ಸಾಕಷ್ಟಿದೆ. ಆ ನಡುವೆ ಸಿಗುವ ಮುಕ್ಕಾಲು ಗಂಟೆ ನಿಮ್ಮದು.

ಈ ಸಲದ ಹಬ್ಬಕ್ಕೆ ಒಂದು ಚಿತ್ರ ಬಿಡಿಸಿ. ನಿಮ್ಮ ಮನೆಯಲ್ಲಿ ಮಾತ್ರ ಇರುವ ಒಂದು ವಸ್ತುವನ್ನು ಆರಿಸಿಕೊಳ್ಳಿ. ಅಜ್ಜನ ಕಾಲದ ಲಾಂದ್ರವಿರಬಹುದು, ಮೂಲೆ ಮುಕ್ಕಾದ ತುಳಸಿಕಟ್ಟೆಯಿರಬಹುದು, ಅಮ್ಮ ವರ್ಷವೂ ಅದೇ ಜಾಗದಲ್ಲಿ ಹಾಕುವ ರಂಗೋಲಿಯಿರಬಹುದು. ನಾಲ್ಕು ಬಣ್ಣ ಸಾಕು, ಫೋನು ಸಾಕು, ಬೆರಳು ಸಾಕು. ಮುಗಿದ ಮೇಲೆ ಗುಂಪಿಗೆ ಹಾಕಬೇಡಿ. ಅದನ್ನು ಕಂಡರೆ ಗುರುತು ಹಿಡಿಯಬಲ್ಲ ಒಬ್ಬರಿಗೆ, ಅವರ ಹೆಸರು ಬರೆದು, ಕಳಿಸಿ.